ಪಟ್ಟಿಯಕ್ಕನ ನಲವತ್ತೊಂದನೆಯ ಹೆಸರು

ಯುದ್ಧದಿಂದಲೋ ನೆರೆಯಿಂದಲೋ ಮನೆಮಠ ಕಳೆದುಕೊಂಡವರ ನೆರವಿಗೆ ದೇಶದೇಶಗಳಲ್ಲಿ ದುಡಿಯುವ ಸಂಸ್ಥೆಗಳ ಚರಿತ್ರೆಯಲ್ಲಿ ವೈದ್ಯರ ಹೆಸರು ಬರುತ್ತದೆ, ದಾದಿಯರ ಹೆಸರು ಬರುತ್ತದೆ, ಊಟ ಬಡಿಸುವ ಕೈಗಳ ಫೋಟೋ ಬರುತ್ತದೆ. ಆ ವೈದ್ಯರು ಯಾವ ಲಾರಿಯಲ್ಲಿ ಬಂದರು, ಔಷಧದ ಪೆಟ್ಟಿಗೆ ಯಾವ ಸೇತುವೆ ದಾಟಿತು, ಯಾರನ್ನು ಯಾವ ಗಾಡಿಗೆ ಹತ್ತಿಸಲಾಯಿತು ಎಂಬುದನ್ನು ಬರೆದಿಟ್ಟವರ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಮೂವತ್ತಾರು ವರ್ಷಗಳ ಸೇವೆಯನ್ನು ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ಟೈಪಿಸ್ಟ್ ಆಗಿ ಸೇರಿ, ಸಾಗಣೆಯ ಮುಖ್ಯಸ್ಥೆಯಾಗಿ ಏರಿ, ಅಲ್ಲಿಂದ ತಾವಾಗಿಯೇ ಇಳಿದು, ಕಾಣೆಯಾದವರನ್ನು ಹುಡುಕುವ ವಿಭಾಗದ ಮೂಲೆಯ ಮೇಜಿನಲ್ಲಿ ಇಪ್ಪತ್ತಾರು ವರ್ಷ ಕುಳಿತ ನಮ್ಮ ಪಟ್ಟಿಯಕ್ಕನವರು ಅಂಥ ಹೆಸರಿಲ್ಲದ ಸಾಲಿಗೆ ಸೇರಿದವರು. ಈ ಲೇಖನ ಬರೆಯುತ್ತಿರುವಾಕೆ ಆ ವಿಭಾಗದ ಕಿರಿಯ ಗುಮಾಸ್ತೆ. ಹನ್ನೊಂದು ವರ್ಷ ಅಕ್ಕನ ಎದುರಿನ ಮೇಜಿನಲ್ಲಿ ಕುಳಿತು ಕೆಲಸ ಕಲಿತವಳು, ಬೈಸಿಕೊಂಡವಳು.

ಅಭಿನಂದನ ಗ್ರಂಥದ ಸುದ್ದಿ ಕಿವಿಗೆ ಬಿದ್ದಾಗ ಅಕ್ಕ ಒಂದೇ ಒಂದು ಷರತ್ತು ಹಾಕಿದರು. ತಮ್ಮ ಕೈಯಿಂದ ಆದ ತಪ್ಪು ಈ ಪುಸ್ತಕದಲ್ಲಿ ಇರಬೇಕು. ಕಣ್ಣಿಗೆ ಬೀಳದ ಮೂಲೆಯಲ್ಲಲ್ಲ, ನಟ್ಟನಡುವೆ. ಇಂಥ ಗ್ರಂಥಗಳಲ್ಲಿ ತಪ್ಪುಗಳನ್ನು ಬರೆಯುವ ವಾಡಿಕೆ ಇಲ್ಲವೆಂದು ನಿರ್ದೇಶಕರು ನಯವಾಗಿ ಹೇಳಿ ನೋಡಿದರು. "ಹಾಗಾದ್ರೆ ಗ್ರಂಥ ಬೇಡ ಬಿಡಿ ಸಾರ್, ಅಷ್ಟು ಕಾಗದ ಉಳೀತು" ಎಂದರು ಅಕ್ಕ. ಅವರ ಮಾತಿಗೆ ತಲೆಬಾಗಿ ಇಲ್ಲಿ ಎಲ್ಲವನ್ನೂ ಬರೆಯಲಾಗಿದೆ. ಕರಡಿನಲ್ಲಿ 'ಮಹಾತಾಯಿ' ಎಂಬ ಪದ ಎರಡು ಕಡೆ ಇತ್ತು. ಎರಡಕ್ಕೂ ಅವರ ಪೆನ್ಸಿಲ್ಲಿನ ಗೀಟು ಬಿದ್ದಿದೆ.

ಆ ಪೆನ್ಸಿಲ್ಲಿನ ಮಾತನ್ನು ಮೊದಲೇ ಹೇಳಿಬಿಡಬೇಕು. ಅಕ್ಕನ ತಂದೆ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದರು. ಕಳೆದುಹೋಗದಿರಲೆಂದು ಪೆನ್ಸಿಲ್ಲಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ಅವರ ಅಭ್ಯಾಸ. ಶಾಲೆ ಬಿಟ್ಟ ಮೇಲೆ ಅಪ್ಪನ ಗೂಡಿನಂಥ ಕೋಣೆಯಲ್ಲಿ ಕೂತು, ಮಗ್ಗಿ ಬಾಯಿಗೆ ಬರುವ ಮುಂಚೆ ಬಸ್ಸುಗಳ ನಂಬರು ಬಾಯಿಪಾಠ ಮಾಡಿಕೊಂಡ ಮಗಳು, ಅಪ್ಪ ತೀರಿಕೊಂಡ ಮೇಲೆ ಆ ದಾರವನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಪೆನ್ಸಿಲ್ಲುಗಳು ನೂರಾರು ಸವೆದಿವೆ, ದಾರ ಬದಲಾಗಿದೆ, ಕೊರಳು ಮಾತ್ರ ಮೊನ್ನೆಮೊನ್ನೆಯವರೆಗೂ ಬರಿದಾಗಿರಲಿಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಸಂಸ್ಥೆಗೆ ಸೇರಿದಾಗ ಕಚೇರಿ ಇದ್ದದ್ದು ಒಂದು ಹಳೆಯ ಅಚ್ಚುಕೂಟದ ಮಹಡಿಯಲ್ಲಿ. ಮೂರು ಕೋಣೆ, ಗೋಡೆಗೆಲ್ಲ ಹಿಡಿದ ಮಸಿಯ ವಾಸನೆ, ಮಳೆ ಬಂದರೆ ಟೈಪ್‌ರೈಟರಿಗೆ ಪ್ಲಾಸ್ಟಿಕ್ ಹೊದಿಸಿ ಕೂರಬೇಕಾದ ಸ್ಥಿತಿ. ಸೇರಿ ನಾಲ್ಕು ತಿಂಗಳೂ ಆಗಿರಲಿಲ್ಲ, ಟೈಪ್ ಮಾಡಲು ಕೊಟ್ಟ ಪಟ್ಟಿಯೊಂದನ್ನು ಹಿಡಿದುಕೊಂಡು ಅವರು ಸಾಗಣೆ ಅಧಿಕಾರಿಯ ಮುಂದೆ ನಿಂತರು. ಹತ್ತು ಟನ್ನಿನ ಸೇತುವೆಯ ಮೇಲೆ ಇಪ್ಪತ್ತು ಟನ್ನಿನ ಲಾರಿ ಹೋಗಬೇಕೆಂದು ಅದರಲ್ಲಿ ಬರೆದಿತ್ತು. ಟೈಪಿಸ್ಟಿನ ಕೆಲಸ ಟೈಪ್ ಮಾಡುವುದು ಎಂದು ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. ಮಾಡುತ್ತೇನೆ, ಆದರೆ ಕೆಳಗೆ ನಿಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಹಾಕುತ್ತೇನೆ ಎಂದು ಹುಡುಗಿ ಹೇಳಿದಳು. ಅಧಿಕಾರಿ ನಕ್ಷೆ ತರಿಸಿದರು. ಮುಂದಿನ ತಿಂಗಳು ಆಕೆ ಸಾಗಣೆ ಸಹಾಯಕಿ.

ಅಲ್ಲಿಂದ ಹತ್ತು ವರ್ಷ ಅವರದು ಓಡಾಟದ ಬದುಕು. ದಾಸ್ತಾನು ಕೊಠಡಿಯ ಮೇಲ್ವಿಚಾರಕಿಯಾಗಿ ಕಂಬಳಿ, ಟಾರ್ಪಾಲು, ನೀರಿನ ಕ್ಯಾನುಗಳ ನಡುವೆ ಬೆಂಚಿನ ಮೇಲೆ ಮಲಗಿದರು. ಸಾಗಣೆಯ ಮುಖ್ಯಸ್ಥೆಯಾಗಿ ಗಡಿಯಾಚೆಯ ಮೂರು ದೇಶಗಳಲ್ಲಿ ಲಾರಿ ನಡೆಸಿದರು. ಡ್ರೈವರುಗಳಿಗೆ ಸಂಖ್ಯೆ ಹಾಕುವುದನ್ನು ನಿಲ್ಲಿಸಿ ಹೆಸರು ಬರೆಯಲು ತೊಡಗಿದವರು ಅವರೇ. ನಮ್ಮ ಹಿರಿಯ ಡ್ರೈವರಿಗೆ ಕಣ್ಣು ಮಂದವಾಗುತ್ತಿದ್ದದ್ದನ್ನು ಅವರು ಪತ್ತೆ ಹಚ್ಚಿ, ಕನ್ನಡಕ ಮಾಡಿಸಿ, ಕಣ್ಣು ಹೊಂದಿಕೊಳ್ಳುವವರೆಗೆ ಹತ್ತಿರದ ಸುತ್ತುಗಳನ್ನಷ್ಟೇ ಕೊಟ್ಟು, ಯಾರ ಮುಂದೆಯೂ ಉಸಿರೆತ್ತಲಿಲ್ಲ. ಇದನ್ನು ಡ್ರೈವರೇ ಮೊನ್ನೆ ನಮ್ಮ ಮುಂದೆ ಹೇಳಿ ಮೂಗು ಒರೆಸಿಕೊಂಡರು. ಪಟ್ಟಿಯಕ್ಕ ಎಂದು ಹೆಸರಿಟ್ಟವರೂ ಈ ಡ್ರೈವರುಗಳೇ. ಅಕ್ಕ ಚಿತ್ರಕಲೆಯ ಮೇಷ್ಟರೊಬ್ಬರನ್ನು ಮದುವೆಯಾದ ದಿನ ಬಂದವರ ಪಟ್ಟಿಯನ್ನು ಮದುಮಗಳೇ ಬರೆದಳೆಂದು ಗಂಡ ಕೊನೆಯವರೆಗೂ ರೇಗಿಸುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ.

ಇನ್ನು ಅವರು ಬರೆಯಲೇಬೇಕೆಂದ ಆ ಬೆಳಗು.

ಬೆಟ್ಟದ ಮೇಲಿನ ಒಂದು ಊರಿಗೆ ಗುಂಡಿನ ಸದ್ದು ಎರಡು ದಿನದಿಂದ ಹತ್ತಿರವಾಗುತ್ತಿತ್ತು. ಆಸ್ಪತ್ರೆಯ ಅಂಗಳದ ತುಂಬ ಜನ. ಇದ್ದದ್ದು ಮೂರು ಲಾರಿ. ಕೆಳಗಿನ ಶಿಬಿರಕ್ಕೆ ಎರಡು ಗಂಟೆಯ ದಾರಿ. ಬೆಳಗ್ಗೆ ಒಂದು ಸುತ್ತು, ಮಧ್ಯಾಹ್ನ ಇನ್ನೊಂದು. ಎರಡು ಲಾರಿಗೆ ಗಾಯಾಳುಗಳನ್ನು ಹತ್ತಿಸಿದ ಮೇಲೆ ಉಳಿದ ಒಂದಕ್ಕೆ ಮಕ್ಕಳನ್ನು ಹತ್ತಿಸುವುದೆಂದೂ, ಹೆತ್ತವರು ಮಧ್ಯಾಹ್ನದ ಸುತ್ತಿನಲ್ಲಿ ಬರುವುದೆಂದೂ ತೀರ್ಮಾನ ಮಾಡಿದವರು ಅಕ್ಕ. ಯಾರೂ ಬೇಡವೆನ್ನಲಿಲ್ಲ. ಮಕ್ಕಳು ಮೊದಲು ಎಂದರೆ ಯಾವ ತಾಯಿ ಬೇಡವೆನ್ನುತ್ತಾಳೆ? ಪಟ್ಟಿಯಲ್ಲಿ ಅವರು ಮಕ್ಕಳ ಹೆಸರು ಬರೆದರು, ವಯಸ್ಸು ಬರೆದರು. ತಂದೆತಾಯಿಯ ಹೆಸರಿನ ಕಾಲಂ ಬಿಟ್ಟರು. ಒಂದು ಮಗುವಿಗೆ ಒಂದು ನಿಮಿಷವೆಂದರೂ ನಲವತ್ತು ನಿಮಿಷ ಬೇಕು, ಅಷ್ಟರಲ್ಲಿ ಲಾರಿ ನದಿ ದಾಟಿರುತ್ತದೆ, ಹೇಗೂ ಸಂಜೆಗೆ ಎಲ್ಲರೂ ಸೇರುತ್ತಾರಲ್ಲ ಎಂಬುದು ಅವರ ಲೆಕ್ಕಾಚಾರ. ಚುರುಕಾಗಿ ಲಾರಿ ತುಂಬಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬ ಹೆಸರಿತ್ತು, ಆ ಹೆಸರಿನ ಮೇಲೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹಿಂಬಾಗಿಲು ಹಾಕುವಾಗ ಜನರ ನಡುವಿನಿಂದ ಒಬ್ಬ ಹೆಂಗಸು ಇನ್ನೊಂದು ಮಗುವನ್ನು ಎತ್ತಿ ಚಾಚಿದಳು. ಅಕ್ಕ ಅದನ್ನು ತಾವೇ ಎತ್ತಿಕೊಂಡರು. ನಿನ್ನ ಹೆಸರೇನು ಎಂದರೆ ಅದು "ಪುಟ್ಟಿ" ಎಂದಿತು. ನಲವತ್ತೊಂದು, ಪುಟ್ಟಿ, ಎರಡೂವರೆ ಎಂದು ಬರೆದುಕೊಂಡು, ಆ ತಾಯಿಗೆ ಸಂಜೆಗೆ ನಿಮ್ಮ ಕೈಗೇ ಕೊಡುತ್ತೇನೆಂದು ಹೇಳಿ, ಡ್ರೈವರನ ಪಕ್ಕ ಹತ್ತಿ ಕುಳಿತರು.

ಲಾರಿಗಳು ಹಿಂದಿರುಗುವಾಗ ಸೇತುವೆ ಇರಲಿಲ್ಲ. ಮೇಲುಳಿದವರು ಬೆಟ್ಟದ ಆಚೆ ಬದಿಗೆ ಇಳಿದು, ಇನ್ನೊಂದು ಗಡಿ ದಾಟಿ, ದಿಕ್ಕಿಗೊಬ್ಬರಾಗಿ ಹೋದರು. ಶಿಬಿರದ ಡೇರೆಯಲ್ಲಿ ಅಕ್ಕ ಒಂದೊಂದೇ ಮಗುವನ್ನು ಕೂರಿಸಿಕೊಂಡು ಅಮ್ಮನ ಹೆಸರು ಕೇಳಿದರು. ದೊಡ್ಡವು ಹೇಳಿದವು. ಚಿಕ್ಕವು "ಅಮ್ಮ" ಎಂದವು. ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದವು, ಇವರಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ಮುಖ ನೋಡಿದವು.

ಆ ವಾರವೇ ಅಕ್ಕ ಸಾಗಣೆಯ ಮುಖ್ಯಸ್ಥೆಯ ಹುದ್ದೆ ಬಿಟ್ಟು, ಕಾಣೆಯಾದವರ ವಿಭಾಗದಲ್ಲಿ ಗುಮಾಸ್ತೆಯ ಜಾಗ ಕೇಳಿದರು. ಅಂದಿನ ನಿರ್ದೇಶಕರು ಹುಚ್ಚೇ ಎಂದರು, ತಪ್ಪು ಯಾರದೂ ಅಲ್ಲ ಎಂದರು. ಅಕ್ಕ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಇಂದು ನಮ್ಮ ಸಂಸ್ಥೆಯ ಎಲ್ಲ ಪ್ರಯಾಣದ ಪಟ್ಟಿಗಳಲ್ಲಿ, ಹೆಸರಿಗಿಂತ ಮೊದಲು 'ಯಾರ ಮಗು' ಎಂಬ ಕಾಲಂ ಇರುತ್ತದೆ. ಅದನ್ನು ಗಟ್ಟಿಯಾಗಿ ಓದಿ ಮುಗಿಸುವವರೆಗೆ ಯಾವ ಡ್ರೈವರೂ ಚಾವಿ ತಿರುಗಿಸುವುದಿಲ್ಲ. ಹೊಸದಾಗಿ ಸೇರಿದವರು ಅದನ್ನು ಅಕ್ಕನ ಕಾಲಂ ಎಂದು ಮೆಚ್ಚುಗೆಯಿಂದ ಕರೆಯುವುದುಂಟು. ಆ ಮಾತು ಕೇಳಿದಾಗಲೆಲ್ಲ ಅಕ್ಕ ಎದ್ದು ಹೊರಗೆ ಹೋಗುತ್ತಿದ್ದರು.

ಮೊದಲ ಮೂರು ವರ್ಷದಲ್ಲಿ ಇಪ್ಪತ್ತೇಳು ಮಕ್ಕಳು ತಾಯಿಯ ಅಥವಾ ತಂದೆಯ ಕೈ ಸೇರಿದವು. ಮುಂದಿನ ವರ್ಷಗಳಲ್ಲಿ ಐದು ಮಕ್ಕಳಿಗೆ ಅಜ್ಜಿಯೋ ಸೋದರಮಾವನೋ ಸಿಕ್ಕರು. ಎಂಟು ಮಕ್ಕಳ ಹೆತ್ತವರು ಬೆಟ್ಟ ಇಳಿಯುವಾಗಲೇ ತೀರಿಹೋಗಿದ್ದರೆಂದು ಖಚಿತವಾಯಿತು. ಆ ಎಂಟು ಕಡೆಗೂ ಸುದ್ದಿ ಹೇಳಲು ಅಕ್ಕನೇ ಹೋದರು. ಅದರಲ್ಲಿ ಅವರದೊಂದು ಕ್ರಮವಿತ್ತು. ನಮಗೆಲ್ಲ ಅದನ್ನೇ ಕಲಿಸಿದರು. ಫೋನಿನಲ್ಲಿ ಹೇಳಕೂಡದು. ನಿಂತುಕೊಂಡು ಹೇಳಕೂಡದು. ಇರುವ ವಿಷಯ ಮೊದಲ ವಾಕ್ಯದಲ್ಲೇ ಇರಬೇಕು. ಹೇಳಿದ ಮೇಲೆ, ಅವರು ಹೋಗಿ ಎನ್ನುವವರೆಗೆ ಎದ್ದು ಬರಕೂಡದು. "ಪೀಠಿಕೆ ಹಾಕಬೇಡಿ. ನೀವು ಪೀಠಿಕೆ ಹಾಕಿದಷ್ಟು ಹೊತ್ತು ಅವರು ಆಸೆ ಇಟ್ಕೊಂಡಿರ್ತಾರೆ" ಎಂದು ಮೊದಲ ಸಲ ಜೊತೆಗೆ ಕರೆದೊಯ್ದಾಗ ಈ ಲೇಖಕಿಗೆ ಹೇಳಿದ್ದರು.

ಇನ್ನೊಂದು ಬದಲಾವಣೆಯನ್ನು ಅವರು ಯಾರಿಗೂ ಹೇಳಲಿಲ್ಲ, ನಾವೇ ಗಮನಿಸಿದ್ದು. ಆ ದಿನದಿಂದೀಚೆಗೆ ಅಕ್ಕ ಇಂಥ ಹೊತ್ತಿಗೆ ಬರುತ್ತೇನೆಂದು ಯಾರಿಗೂ ಮಾತು ಕೊಟ್ಟವರಲ್ಲ. ಕ್ಯಾಂಟೀನಿಗೆ ಚಹಾ ಕುಡಿಯಲು ಕರೆದರೂ "ನೋಡ್ತೀನಿ" ಎನ್ನುತ್ತಿದ್ದರು. ಬೆಳಗ್ಗೆ ಮನೆಯಿಂದ ಹೊರಡುವಾಗ ಸಂಜೆ ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುವುದನ್ನು ಮೇಷ್ಟರು ಬಿಟ್ಟೇಬಿಟ್ಟರಂತೆ. ದಾರಿ ಇದ್ದರೆ ಬರ್ತಾಳೆ ಎಂದು ನಮ್ಮೆದುರು ತಮಾಷೆ ಮಾಡಿ ನಗುತ್ತಿದ್ದ ಆ ಸಾಧು ಮನುಷ್ಯರ ನಗೆ ಎಲ್ಲೋ ಒಂದು ಕಡೆ ಹುಳಿಯಾಗಿತ್ತು.

ನಲವತ್ತು ಹೆಸರುಗಳ ಮುಂದೆ ಉತ್ತರ ಬಿತ್ತು. ನಲವತ್ತೊಂದರ ಮುಂದೆ ಬೀಳಲಿಲ್ಲ. ಪುಟ್ಟಿ ಮಕ್ಕಳ ನಿಲಯದಲ್ಲಿ ಬೆಳೆದಳು. ಆಕೆಗೆ ಐದು ವರ್ಷವಾದಾಗ ಮೇಷ್ಟರು ಹೆಂಡತಿಯ ಮುಂದೆ ಒಂದು ಮಾತಿಟ್ಟರು: "ನೀನು ಹುಡುಕು, ನಾನು ಸಾಕ್ತೀನಿ." ಅಕ್ಕ ಒಪ್ಪಲಿಲ್ಲ. ಅವಳಿಗೆ ಅಮ್ಮ ಇದ್ದಾಳೆ, ಆ ಜಾಗದಲ್ಲಿ ತಾನು ಕೂತುಬಿಟ್ಟರೆ ಹುಡುಕುವ ಕೈ ಸೋಲುತ್ತದೆ ಎಂಬುದು ಅವರ ವಾದ. ಮೇಷ್ಟರು ಮತ್ತೆ ಆ ಮಾತೆತ್ತದೆ, ಭಾನುವಾರ ಭಾನುವಾರ ನಿಲಯಕ್ಕೆ ಹೋಗಿ ಮಕ್ಕಳಿಗೆಲ್ಲ ಚಿತ್ರ ಬರೆಯುವುದನ್ನು ಕಲಿಸಿ ಬರತೊಡಗಿದರು. ಅಕ್ಕನದು ಸರಿಯೇ ತಪ್ಪೇ ಎಂದು ತೀರ್ಪು ಕೊಡುವ ಯೋಗ್ಯತೆ ಈ ಲೇಖಕಿಗಿಲ್ಲ. ಮೂರು ಜನ ಒಂದು ಮನೆಯಲ್ಲಿ ಇರಬಹುದಾಗಿತ್ತು, ಇರಲಿಲ್ಲ.

ಹದಿನೆಂಟಾದಾಗ ಪುಟ್ಟಿ ನಮ್ಮ ಕಚೇರಿಗೆ ಬಂದು, ತನ್ನ ಕಡತ ಮುಚ್ಚಿಬಿಡಿ ಎಂದಳು. ಹುಡುಕಾಟ ಇನ್ನೂ ಮುಗಿದಿಲ್ಲವೆಂದು ಅಕ್ಕ ಹೇಳಿದಾಗ ಅವಳು ಮೇಜಿಗೆ ಕೈಯೂರಿ ನಿಂತು ಹೇಳಿದ ಮಾತು ಇದು: "ನೀವು ನನಗೋಸ್ಕರ ಹುಡುಕ್ತಿಲ್ಲ. ನಿಮಗೆ ನಿದ್ದೆ ಬರ್ಲಿ ಅಂತ ಹುಡುಕ್ತಿದ್ದೀರಿ." ಅಕ್ಕ ಇಲ್ಲವೆನ್ನಲಿಲ್ಲ. ಕಡತವನ್ನೂ ಮುಚ್ಚಲಿಲ್ಲ. ಪುಟ್ಟಿ ಹೊಲಿಗೆ ಕಲಿತು, ಪೇಟೆಯ ಬೀದಿಯಲ್ಲಿ ಒಂದು ಬಾಗಿಲಿನ ಅಂಗಡಿ ಇಟ್ಟುಕೊಂಡಳು. ಅಕ್ಕ ಆ ಬೀದಿಯಲ್ಲಿ ಹೋಗಬೇಕಾದಾಗ ಎದುರು ಬದಿಯಲ್ಲಿ ನಡೆಯುತ್ತಿದ್ದರು. ಆರು ವರ್ಷದ ಹಿಂದೆ ಮೇಷ್ಟರು ತೀರಿಕೊಂಡ ದಿನ ಪುಟ್ಟಿ ಬಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಾರದೆ ಹೊರಟುಹೋದಳು.

ನಿವೃತ್ತಿ ಹತ್ತಿರವಾದಂತೆ ಒಂದು ಚಿಂತೆ ಅಕ್ಕನನ್ನು ಒಳಗಿಂದೊಳಗೇ ತಿನ್ನತೊಡಗಿತು. ನಮ್ಮಲ್ಲಿ ಹತ್ತು ವರ್ಷ ಸುದ್ದಿಯಿಲ್ಲದ ಕಡತ, ಅದನ್ನು ನೋಡಿಕೊಳ್ಳುವವರು ನಿವೃತ್ತರಾದರೆ, ತಾನಾಗಿ ಮುಚ್ಚಿಹೋಗುತ್ತದೆ. ಅಕ್ಕನ ಕಪಾಟಿನಲ್ಲಿ ಹಾಗೆ ಮುಚ್ಚಿಹೋಗಲಿದ್ದ ಕಡತ ಒಂದೇ.

ಕಳೆದ ವರ್ಷ, ಬಾಗಿಲು ಹಾಕಿದ ಇನ್ನೊಂದು ಪರಿಹಾರ ಸಂಸ್ಥೆಯ ಹಳೆಯ ಕಾಗದಗಳು ರಟ್ಟಿನ ಪೆಟ್ಟಿಗೆಗಳಲ್ಲಿ ನಮ್ಮ ಕಟ್ಟಡಕ್ಕೆ ಬಂದವು. ಬೆಟ್ಟದ ಆ ಬದಿಯ ಗಡಿಯಾಚೆ ಕೆಲಸ ಮಾಡಿದ ಸಂಸ್ಥೆ ಅದು. ಅವರು ಕಳಿಸುತ್ತಿದ್ದ ಕಾಣೆಯಾದ ಮಕ್ಕಳ ಪಟ್ಟಿಯನ್ನು ಅಕ್ಕ ಹಿಂದೆಯೇ ಮೂರು ಸಲ ಓದಿ ಮುಗಿಸಿದ್ದರು. ಈ ಪೆಟ್ಟಿಗೆಗಳನ್ನು ವಿಂಗಡಿಸುವ ಕೆಲಸ ಈ ಲೇಖಕಿಯ ಪಾಲಿಗೆ ಬಂತು. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ, 'ವಯಸ್ಕರು, ಹೆಸರು ತಿಳಿಯದವರು' ಎಂಬ ಕಟ್ಟಿನಲ್ಲಿ ಒಂದು ಅರ್ಜಿ ಸಿಕ್ಕಿತು. ಬರೆಸಿದವಳು ಒಬ್ಬ ತಾಯಿ. ಹುಡುಕಬೇಕಾದವರ ಗುರುತು ಎಂಬಲ್ಲಿ ಹೀಗಿತ್ತು: ತೆಳ್ಳಗಿನ ಹೆಂಗಸು. ಕೈಯಲ್ಲಿ ಬರೆಯುವ ರಟ್ಟು. ಕೊರಳಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್. ನನ್ನ ಮಗಳನ್ನು ಎತ್ತಿಕೊಂಡು, ಸಂಜೆಗೆ ನಿಮ್ಮ ಕೈಗೇ ಕೊಡುತ್ತೇನೆ ಎಂದಳು. ಆಕೆ ಸಿಕ್ಕರೆ ಮಗಳೂ ಸಿಗುತ್ತಾಳೆ.

ಕತ್ತೆತ್ತಿದರೆ ಎದುರಿಗೇ ಆ ಪೆನ್ಸಿಲ್ಲು ತೂಗುತ್ತಿತ್ತು.

ಅಕ್ಕ ಅದನ್ನು ನಿಂತೇ ಓದಿದರು, ಆಮೇಲೆ ಕೂತು ಓದಿದರು. ತಾರೀಕು ಆ ಬೆಳಗಿನಿಂದ ಎರಡು ವರ್ಷದ ಈಚಿನದು. ಮಗುವಿನ ನಿಜವಾದ ಹೆಸರು ಅದರಲ್ಲಿತ್ತು; ಆ ಹೆಸರಿನ ಮಗು ಯಾವ ಪಟ್ಟಿಯಲ್ಲೂ ಇಲ್ಲವೆಂದು ತಿಳಿದ ಮೇಲೆ ತಾಯಿ ಮಗಳನ್ನು ಬಿಟ್ಟು, ಮಗಳನ್ನು ಒಯ್ದವಳನ್ನು ಹುಡುಕಿಸಿದ್ದಳು. ಅಕ್ಕ ಇಪ್ಪತ್ತಾರು ವರ್ಷ ಮಕ್ಕಳ ಪಟ್ಟಿ ತಿರುವಿದ್ದರು, ತಾಯಂದಿರ ಪಟ್ಟಿ ತಿರುವಿದ್ದರು. ಕಾಣೆಯಾದ ದೊಡ್ಡವರ ಕಾಗದಗಳನ್ನು ಕೇಳಿ ತರಿಸಿರಲಿಲ್ಲ. "ನನ್ನನ್ನ ಯಾರಾದ್ರೂ ಹುಡುಕ್ತಿರಬಹುದು ಅಂತ ನನಗೆ ಹೊಳೀಲೇ ಇಲ್ಲ ನೋಡು" ಎಂದರು.

ಅರ್ಜಿಯಲ್ಲಿದ್ದ ವಿಳಾಸಕ್ಕೆ ಆ ದಿನವೇ ವಿಚಾರಣೆ ಹೋಯಿತು. ಐದು ವಾರದ ಮೇಲೆ ನೆರೆಮನೆಯಾಕೆಯಿಂದ ಉತ್ತರ ಬಂತು. ತಾಯಿ ತೀರಿಕೊಂಡು ಹನ್ನೊಂದು ವರ್ಷ. ಇನ್ನೂ ಒಳ್ಳೆಯ ಮನೆ ಕೊಡುತ್ತೇವೆಂದು ಅಲ್ಲಿನವರು ಎರಡು ಸಲ ಕರೆದರೂ, ಅರ್ಜಿಯಲ್ಲಿ ಕೊಟ್ಟ ವಿಳಾಸ ಬದಲಾಗಬಾರದೆಂದು, ಆ ಒಂದು ಕೋಣೆ ಬಿಟ್ಟು ಆಕೆ ಕದಲಲಿಲ್ಲವಂತೆ.

ಮಾರನೆಯ ದಿನ ಬೆಳಗ್ಗೆ ಹಿರಿಯ ಡ್ರೈವರ್ ಗಾಡಿ ತಂದರು. ಅಂದು ಮಕ್ಕಳ ಲಾರಿ ನಡೆಸಿದವರೂ ಅವರೇ. ಅಕ್ಕನ ಜೊತೆ ಈ ಲೇಖಕಿಯೂ ಹತ್ತಿದಳು. ಅಂಗಡಿಯಲ್ಲಿ ಪುಟ್ಟಿ ಮಿಷಿನ್ನಿನ ಮುಂದಿದ್ದಳು, ಬಾಯಲ್ಲಿ ಗುಂಡುಸೂಜಿ. ಅಕ್ಕನನ್ನು ನೋಡಿ ಸೂಜಿ ತೆಗೆದಿಟ್ಟು, ಏನೂ ಕೇಳದೆ ಸ್ಟೂಲು ತಳ್ಳಿದಳು. ಅಕ್ಕ ಕೂತರು.

"ನಿಮ್ಮಮ್ಮ ತೀರಿಕೊಂಡಿದ್ದಾರೆ. ಹನ್ನೊಂದು ವರ್ಷ ಆಯ್ತು. ಅಲ್ಲೀವರೆಗೂ ನಿನ್ನನ್ನ ಹುಡುಕ್ತಾ ಇದ್ದರು. ನನ್ನ ಗುರುತು ಹೇಳಿ ಹುಡುಕಿಸಿದ್ದರು. ನಾನು ಅದನ್ನ ನೋಡ್ಲಿಲ್ಲ."

ಪುಟ್ಟಿ ಅಳಲಿಲ್ಲ. ಅರ್ಧಕ್ಕೆ ನಿಂತಿದ್ದ ಹೊಲಿಗೆಯನ್ನು ತುದಿಯವರೆಗೆ ಓಡಿಸಿ, ದಾರ ಕತ್ತರಿಸಿ, ಬಟ್ಟೆಯನ್ನು ಮಡಿಸಿ ಬದಿಗಿಟ್ಟಳು. ಆಮೇಲೆ, ಅಮ್ಮ ತನಗೆ ಏನು ಹೆಸರಿಟ್ಟಿದ್ದಳೆಂದು ಕೇಳಿದಳು. ಅಕ್ಕ ಹೇಳಿದರು. ಆ ಹೆಸರನ್ನು ಇಲ್ಲಿ ಅಚ್ಚು ಹಾಕುವ ಹಕ್ಕು ನಮಗಿಲ್ಲ.

"ಒಂದ್ಸಲ ಕರೀರಿ" ಎಂದಳು ಪುಟ್ಟಿ.

ಅಕ್ಕ ಕರೆದರು. ಅವಳು ಕರೆದವರಿಗೆ ಓಗೊಡುವಂತೆ "ಹ್ಞೂಂ" ಎಂದಳು. ಗಿರಾಕಿಗಳು ಇಬ್ಬರು ಬಂದು, ಬಾಗಿಲಿನಿಂದಲೇ ವಾಪಸ್ ಹೋದರು. ಅರ್ಜಿಯ ಕಾಗದವನ್ನು ಅಕ್ಕ ಮುಂದೆ ಚಾಚಿದಾಗ ಪುಟ್ಟಿ ಮುಟ್ಟಲಿಲ್ಲ.

"ಇವತ್ತು ನನ್ನ ಕೈಲಾಗಲ್ಲ. ನೀವೇ ಓದಿ ಹೇಳಬೇಕು. ನಾಳೆ ಸಂಜೆ ಬರ್ತೀರಾ?"

ಹೊರಗೆ ಗಾಡಿಯ ಬಾಗಿಲಿಗೆ ಒರಗಿ ನಿಂತಿದ್ದ ಡ್ರೈವರ್ ಕೂಡ ಆ ಮಾತು ಕೇಳಿಸಿಕೊಂಡು ನೆಟ್ಟಗಾದರು. ನೋಡ್ತೀನಿ ಎಂಬ ಪದ ಅಕ್ಕನ ತುಟಿಯವರೆಗೆ ಬಂದದ್ದು ಪಕ್ಕದಲ್ಲಿದ್ದ ಈ ಲೇಖಕಿಗೆ ಕಂಡಿತು. ಅವರು ಅದನ್ನು ನುಂಗಿಕೊಂಡರು.

"ಬರ್ತೀನಿ. ಐದು ಗಂಟೆಗೆ."

ಮರುದಿನ ಅವರು ಅಲ್ಲಿಗೆ ಹೋಗುವ ಮೊದಲು ನಲವತ್ತೊಂದನೆಯ ಕಡತವನ್ನು ತೆಗೆದರು. ಕೊನೆಯ ಪುಟದಲ್ಲಿ ಸಿಕ್ಕಿದ್ದಾರೆ, ಸಿಕ್ಕಿಲ್ಲ ಎಂದು ಎರಡು ಚೌಕಗಳಿರುತ್ತವೆ. ಎರಡಕ್ಕೂ ಗುರುತು ಹಾಕದೆ, ಪಕ್ಕದಲ್ಲಿ 'ತಡವಾಗಿ ಸಿಕ್ಕರು' ಎಂದು ಬರೆದು, ಸಹಿ ಮಾಡಿ, ಕೊರಳಿನ ದಾರವನ್ನು ತೆಗೆದು ಈ ಲೇಖಕಿಯ ಮೇಜಿನ ಮೇಲಿಟ್ಟರು. ಹೊರಟಾಗ ಗಂಟೆ ಇನ್ನೂ ನಾಲ್ಕು ಹೊಡೆದಿರಲಿಲ್ಲ. ಹದಿನೈದು ನಿಮಿಷದ ದಾರಿ ಅದು.

ಇಂಥ ಲೇಖನದ ಕೊನೆಯಲ್ಲಿ ಗೌರವಾನ್ವಿತರಿಗೆ ದೀರ್ಘಾಯುಷ್ಯ ಕೋರುವುದು ಪದ್ಧತಿ. ನಾವು ಪದ್ಧತಿಗಾಗಿ ಕೋರುತ್ತಿಲ್ಲ. ಆ ಅರ್ಜಿ ಎರಡೇ ಪುಟದ್ದು, ಆದರೂ ಒಂದು ಸಂಜೆಗೆ ಮುಗಿಯಲಿಲ್ಲವಂತೆ. ಮತ್ತೆ ನಾಳೆ ಬನ್ನಿ ಎಂದಳಂತೆ ಪುಟ್ಟಿ, ಬರುತ್ತೇನೆ ಎಂದರಂತೆ ಅಕ್ಕ. ಅವರು ಹೋಗಬೇಕಾದ ಸಂಜೆಗಳು ಇನ್ನೂ ಬಹಳ ಇವೆ. ಅಷ್ಟಕ್ಕೂ ಸಾಲುವ ಆಯುಸ್ಸು ಅವರಿಗಿರಲಿ.